ಅಜ್ಜಿ ಹಣೆ ಹಚ್ಚೆ ಅಳಿಸಿ ಆಮೇಲೆ ವಾಪಸ್ ತಂದುಕೊಟ್ಟ ಸ್ಟುಡಿಯೋ - ಮದುವೆ ಫೋಟೋ ರಿವ್ಯೂ

ಐದಕ್ಕೆ ಮೂರೂವರೆ ಸ್ಟಾರ್. ಕಟ್ ಮಾಡಿರೋ ಒಂದೂವರೇಲಿ ಅರ್ಧ ಸ್ಟಾರ್ ನಮ್ಮ ಮನೆಯವರ ತಪ್ಪಿಗೇ ಹೋಗಿದ್ದು, ಅದನ್ನೂ ಹೇಳ್ತೀನಿ. ಸ್ಟುಡಿಯೋ ಹೆಸರು ಮಾತ್ರ ಕೇಳ್ಬೇಡಿ, ಹುಡುಗ್ರು ಕೊನೆಗೆ ಸರಿ ಮಾಡ್ಕೊಟ್ಟಿದಾರೆ, ಪಾಪ.

ಅಕ್ಕನ ಮದುವೆ ಚನ್ನರಾಯಪಟ್ಟಣದಲ್ಲಿ ಆಗಿದ್ದು, ಹಿಂದಿನ ಸಂಜೆ ರಿಸೆಪ್ಷನ್, ಬೆಳಗ್ಗೆ ಮುಹೂರ್ತ. ಪ್ಯಾಕೇಜ್ 95 ಸಾವಿರ. ಕ್ಯಾಂಡಿಡ್‌ಗೆ ಒಬ್ರು, ಟ್ರೆಡಿಷನಲ್‌ಗೆ ಒಬ್ರು, ವಿಡಿಯೋಗೆ ಇಬ್ರು, ಡ್ರೋನ್, ಆಮೇಲೆ 12×36 ಇಂಚು ಸೈಜಿನ 40 ಶೀಟ್ ಆಲ್ಬಂ. ಭಾವಂಗೆ ರಜಾ ಸಿಗ್ಲಿಲ್ಲ ಅಂತ ಪ್ರೀವೆಡ್ಡಿಂಗ್ ಬೇಡ ಅಂದ್ವಿ. ಮುಹೂರ್ತದ ದಿನ ಬೆಳಗ್ಗೆ ನಾಲ್ಕಕ್ಕೆಲ್ಲ ಬಂದು ನಿಂತಿದ್ರು, ನಮ್ಮನೆಯೋರೇ ಇನ್ನೂ ಎದ್ದಿರ್ಲಿಲ್ಲ. ಅದಕ್ಕೆ ಫುಲ್ ಮಾರ್ಕ್ಸು.

ತಿಂಗಳು ಬಿಟ್ಟು ಡ್ರೈವ್ ಲಿಂಕ್ ಬಂತು, ಸುಮಾರು 3,200 ಫೋಟೋ. ನಾನು ಮಾಡಿದ ದಡ್ಡ ಕೆಲ್ಸ ಅಂದ್ರೆ ಆ ಲಿಂಕನ್ನ ತಗೊಂಡೋಗಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು. ಅಲ್ಲಿಂದ ಶುರುವಾಯ್ತು ನೋಡಿ. ದೊಡ್ಡಮ್ಮ "ನಂದು ಒಂದೂ ಇಲ್ವಲ್ಲೇ", ಮಾವ "ಒಬ್ಬಟ್ಟಿನ ತಟ್ಟೆದು ಹದಿನೆಂಟು ಫೋಟೋ ಐತೆ, ನಾನೇನ್ ಒಬ್ಬಟ್ಟಿಗಿಂತ ಕಡೆನಾ", ಅಪ್ಪ "ಎಲ್ಲಾ ಹಳದಿ ಹಳದಿ ಬಂದೈತೆ". ನಾನು ಇದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಫೋಟೋಗ್ರಾಫರ್‌ಗೆ ಕಳಿಸಿ, ಕೆಳಗೆ "ಸ್ವಲ್ಪ ಬ್ರೈಟ್ ಮಾಡಿ, ಕಲರ್ ಸರಿ ಇಲ್ಲ" ಅಂತ ಬರೆದೆ. ಅವರ ಪ್ಯಾಕೇಜಲ್ಲಿ ಎರಡು ರೌಂಡ್ ಕರೆಕ್ಷನ್ ಫ್ರೀ. ಒಂದು ರೌಂಡ್ ಇಷ್ಟಕ್ಕೇ ಮುಗೀತು! ಅವ್ರು ಅಷ್ಟೂ ಫೋಟೋನ ಒಂದೇ ಅಳತೇಲಿ ಬ್ರೈಟ್ ಮಾಡಿ ವಾಪಸ್ ಕಳಿಸಿದ್ರು, ಅಕ್ಕನ ಕೆನೆ ಬಣ್ಣದ ಧಾರೆ ಸೀರೆ ಬಿಳೀ ಪಂಚೆ ಥರ ಆಗೋಯ್ತು, ಜರಿ ಎಲ್ಲಿದೆ ಅಂತ ಹುಡುಕ್ಬೇಕು. ಅವ್ರನ್ನ ಬೈಯೋಕೆ ಹೋದೆ, ಆದ್ರೆ ನಾನು ಕೇಳಿದ್ದೇ ಅದಲ್ವಾ.

ಅಪ್ಪನ ಹಳದಿ ಕತೆ ಕೇಳಿ. ಅವ್ರ ಫೋನಲ್ಲಿ ಕಣ್ಣಿಗೆ ತಂಪು ಅಂತ ಐ ಕಂಫರ್ಟ್ ಆನ್ ಮಾಡಿಟ್ಕೊಂಡಿದ್ರು, ಅದು ಸ್ಕ್ರೀನನ್ನೇ ಹಳದಿ ಮಾಡತ್ತೆ. ಪ್ರಪಂಚ ಎಲ್ಲಾ ಹಳದಿ ಕಾಣ್ತಿದ್ರೂ ಫೋಟೋಗ್ರಾಫರ್ ಮೇಲೆ ಮಾತ್ರ ಕಂಪ್ಲೇಂಟು.

ಆದ್ರೆ ಎರಡು ವಿಷ್ಯ ಮಾತ್ರ ನಿಜವಾಗ್ಲೂ ಅವರದ್ದೇ ತಪ್ಪು.

ಒಂದು, ಬಳೆ. ಬಳೆ ಶಾಸ್ತ್ರದ ದಿನ ಅಕ್ಕಂಗೆ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದ್ರು. ಫೋಟೋದಲ್ಲಿ ನೋಡಿದ್ರೆ ಅದು ಒಣಗಿದ ಹುಣಸೆ ಸೊಪ್ಪಿನ ಬಣ್ಣ. ಬಾಳೆ ಕಂದು, ಮಾವಿನ ತೋರಣ ಒಂಥರಾ ಬೂದಿ. ಕೇಳಿದ್ರೆ "ಮೇಡಂ ಅದು ನಮ್ ಸ್ಟೈಲು, ಈಗ ಎಲ್ರೂ ಇದೇ ಟೋನ್ ಕೇಳ್ತಾರೆ" ಅಂದ್ರು. ಹಸಿರನ್ನ ಎಳೆದು ಮಂಕು ಮಾಡೋ ರೆಡಿ ಪ್ರೀಸೆಟ್ (ಒಂದೇ ಕ್ಲಿಕ್ಕಲ್ಲಿ ಬಣ್ಣ ಬದಲಾಯಿಸೋ ಸೆಟ್ಟಿಂಗ್) ಒಂದನ್ನ ಎಲ್ಲಾ ಫೋಟೋಗೂ ಬಡಿದಿದಾರೆ. ಫಾರಿನ್ ಕಾಡಲ್ಲಿ ಬಿಳೀ ಗೌನ್ ಹಾಕ್ಕೊಂಡ್ ನಿಂತೋರಿಗೆ ಅದು ಚೆಂದ ಇರ್ಬೋದು, ಚಪ್ಪರದ ಮದುವೇಲಿ ಹಸಿರು ಸತ್ತೋದ್ರೆ ಇನ್ನೇನ್ ಉಳೀತು?

ಎರಡನೇದು ಅಜ್ಜಿ. ನಮ್ಮಜ್ಜಿ ಹಣೆ ಮಧ್ಯದಲ್ಲಿ ಹಚ್ಚೆ ಇದೆ, ಸಣ್ಣ ವಯಸ್ಸಲ್ಲಿ ಹಾಕಿಸಿದ್ದಂತೆ, ಈಗ ನೀಲಿಗಟ್ಟಿದೆ. ಸ್ಕಿನ್ ಸ್ಮೂತ್ ಮಾಡೋ ಭರದಲ್ಲಿ ಅದನ್ನ ಕಲೆ ಅಂದ್ಕೊಂಡು ಅಳಿಸಿಬಿಟ್ಟಿದಾರೆ, ಜೊತೆಗೆ ಕೆನ್ನೆ ಸುಕ್ಕೂ ಹೋಗಿದೆ. ಲ್ಯಾಪ್‌ಟಾಪಲ್ಲಿ ತೋರಿಸಿದ್ರೆ ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ಬಗ್ಗಿ ನೋಡಿ, "ಇದ್ಯಾರವ್ವಾ, ನನ್ ಸೀರೆ ಉಟ್ಕೊಂಡವ್ಳೆ" ಅಂದ್ರು. ಎಲ್ರೂ ನಕ್ಕರು, ನಂಗೆ ನಗು ಬರ್ಲಿಲ್ಲ.

ಆವಾಗ ಕೂತ್ಕೊಂಡು ಸರಿಯಾಗಿ ಬರೆದೆ. ಒಂದು ಶೀಟ್ ಮಾಡಿ ಫೋಟೋ ನಂಬರ್, ಏನ್ ತೊಂದ್ರೆ, ಏನ್ ಆಗ್ಬೇಕು ಅಷ್ಟೇ. "1147, ಅಜ್ಜಿ ಹಣೇಲಿರೋದು ಹಚ್ಚೆ, ಕಲೆ ಅಲ್ಲ, ಸುಕ್ಕೂ ಇರ್ಲಿ." "ಬಳೆ ಶಾಸ್ತ್ರದ್ದು ಎಲ್ಲಾ, ಬಳೆ ಅಸಲಿ ಬಣ್ಣ ಬೇಕು", ಜೊತೆಗೆ ಅಕ್ಕನ ಒಂದು ಬಳೇನ ಹಗಲು ಬೆಳಕಲ್ಲಿಟ್ಟು ಫೋಟೋ ತೆಗೆದು ಕಳಿಸಿದೆ. "ಆಲ್ಬಂ ಶೀಟ್ 17, ಭಾವನ ಮೂಗು ಕರೆಕ್ಟಾಗಿ ಮಧ್ಯದ ಮಡಿಕೆ ಮೇಲೆ ಬಂದಿದೆ, ಪಕ್ಕಕ್ಕೆ ಸರಿಸಿ." ಇಷ್ಟವಾದ ಇಪ್ಪತ್ತು ಫೋಟೋ ನಂಬರೂ ಬರೆದೆ, ಇವು ಯಾಕೆ ಇಷ್ಟ ಅಂತ. ಬರೀ ತಪ್ಪಿನ ಪಟ್ಟಿ ಕಳಿಸಿದ್ರೆ ಅವ್ರಿಗೆ ನಮ್ ಟೇಸ್ಟ್ ಏನು ಅಂತ ಹೆಂಗ್ ಗೊತ್ತಾಗತ್ತೆ.

ಇದಾದ್ಮೇಲೆ ಆ ಹುಡುಗ ಫೋನಲ್ಲಿ ವಾದ ಮಾಡ್ದೆ ಲ್ಯಾಪ್‌ಟಾಪ್ ತಗೊಂಡು ಮನೆಗೇ ಬಂದ. ರಾ ಫೈಲಲ್ಲೇ, ಅಂದ್ರೆ ಕ್ಯಾಮೆರಾ ಏನೂ ಕುಗ್ಗಿಸ್ದೆ ಕೊಡೋ ಅಸಲಿ ಫೈಲಲ್ಲೇ, ಶೂಟ್ ಮಾಡಿ ಇಟ್ಟಿದ್ರಿಂದ ಹಚ್ಚೆ, ಹಸಿರು, ಜರಿ ಎಲ್ಲಾ ವಾಪಸ್ ಬಂತು. ಬುಕ್ ಮಾಡೋ ಮುಂಚೆ ರಾ ತೆಗೀತೀರಾ, ಎಷ್ಟು ತಿಂಗಳು ಇಟ್ಕೋತೀರಾ ಅಂತ ಕೇಳಿ, ಬರೀ ಜೆಪೆಗ್ (ಕುಗ್ಗಿಸಿದ ಮಾಮೂಲಿ ಫೋಟೋ ಫೈಲ್) ಆಗಿದ್ರೆ ಇಷ್ಟೊಂದು ಸರಿ ಹೋಗ್ತಿರ್ಲಿಲ್ಲ.

ಬಂದವನು ನಮಗೂ ಫೀಡ್‌ಬ್ಯಾಕ್ ಕೊಟ್ಟು ಹೋದ, ಕಾಫಿ ಕುಡೀತಾ ಮೆತ್ತಗೆ. ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕೋ ಆ ಕ್ಷಣದ್ದು ಒಂದೂ ಕ್ಲೀನ್ ಫೋಟೋ ಇಲ್ಲ ಅಂತ ನಾನು ಎಗರಾಡಿದ್ದೆ. ಜೂಮ್ ಮಾಡಿ ತೋರಿಸ್ದ, ಫ್ರೇಮಲ್ಲಿ ಮುಕ್ಕಾಲು ಭಾಗ ಒಂದು ಕೈ, ಕೈಲಿ ಮೊಬೈಲು, ಆ ಮೊಬೈಲ್ ಕವರ್ ನಂದೇ. ರಿಸೆಪ್ಷನ್ನಲ್ಲಿ ಎಲ್ರ ಮುಖ ನೇರಳೆ ಬಂದಿದ್ಯಾಕೆ ಅಂದ್ರೆ ನಾವೇ ಡೆಕೊರೇಶನ್ನೋರಿಗೆ ಹೇಳಿ ಸ್ಟೇಜ್ ಮೇಲೆ ನೀಲಿ-ನೇರಳೆ ಎಲ್‌ಇಡಿ ಹಾಕ್ಸಿದ್ದು. ಅದನ್ನ ಎಡಿಟಿಂಗಲ್ಲಿ ಪೂರ್ತಿ ತೆಗೆಯಕ್ಕಾಗಲ್ಲ ಮೇಡಂ, ಮುಖದ ಮೇಲೆ ಬಿಳೀ ಲೈಟ್ ಒಂದಾದ್ರೂ ಬೇಕಿತ್ತು ಅಂದ. ಯಾರ್ಯಾರ ಫೋಟೋ ಬೇಕೇಬೇಕು ಅನ್ನೋ ಲಿಸ್ಟ್ ಎರಡು ಸಲ ಕೇಳಿದ್ನಂತೆ, ಅಪ್ಪ "ಎಲ್ಲಾರ್ದೂ ತೆಗಿಯಪ್ಪ" ಅಂದಿದ್ರಂತೆ. ಅರ್ಧ ಸ್ಟಾರ್ ಅಂದ್ನಲ್ಲ, ಅದು ಇಲ್ಲಿಗೆ.

ಇನ್ನೊಂದು ಕಿರಿಕಿರಿ, ಕೇಳ್ದೇನೇ ಅಕ್ಕನ ಫೋಟೋ ಅವ್ರ ಇನ್‌ಸ್ಟಾ ಪೇಜಲ್ಲಿ ಹಾಕಿದ್ರು. 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಕಾಪಿರೈಟಿಗೆ, ಬೇರೆ ಒಪ್ಪಂದ ಏನೂ ಇಲ್ದಿದ್ರೆ, ತೆಗೆಸಿದವ್ರೇ ಮೊದಲ ಮಾಲೀಕರು. ಅಗ್ರಿಮೆಂಟಲ್ಲಿ ಏನ್ ಬರೆದಿದಾರೆ ಸೈನ್ ಹಾಕೋ ಮುಂಚೆ ಓದ್ಕೊಳ್ಳಿ. ನಾವು ಹೇಳಿದ ದಿನಾನೇ ತೆಗೆದ್ರು, ಜಗಳ ಏನಿಲ್ಲ.

ಕೊನೇ ಕಂತು 25 ಸಾವಿರನ ಆಲ್ಬಂ ಡಿಸೈನ್ ಪ್ರೂಫ್ ಓಕೆ ಆಗೋವರ್ಗೂ ಕೊಟ್ಟಿರ್ಲಿಲ್ಲ, ಅದೊಂದು ಬುದ್ಧಿವಂತಿಕೆ ಅಪ್ಪಂದು. ಪ್ರೂಫ್‌ನ ವಾಟ್ಸಾಪಲ್ಲಿ ನೋಡಿ ಓಕೆ ಅನ್ಬೇಡಿ, ಮಾಮೂಲಿ ಫೋಟೋ ಥರ ಹಾಕಿದ್ರೆ ಅದು ಕುಗ್ಗಿಸಿ ಕಳಿಸತ್ತೆ, ಮಡಿಕೆ-ಗಿಡಿಕೆ ಏನೂ ಗೊತ್ತಾಗಲ್ಲ. ಪ್ರಿಂಟಿಗೆ ಹೋದ್ಮೇಲೆ ಯಾರೂ ಏನೂ ಮಾಡಕ್ಕಾಗಲ್ಲ.

ಆಲ್ಬಂ ಹೋದ ವಾರ ಬಂತು, ಬಳೆ ಹಸಿರಾಗಿದೆ. ದೊಡ್ಡಮ್ಮಂದು ಮಾತ್ರ ಎಷ್ಟು ಹುಡುಕಿದ್ರೂ ಫೋಟೋ ಸಿಗ್ಲಿಲ್ಲ, ವಿಡಿಯೋದಲ್ಲಿ ಊಟದ ಪಂಕ್ತೀಲಿ ಹಪ್ಪಳ ಮುರೀತಾ ಎರಡು ಸೆಕೆಂಡ್ ಕಾಣಿಸ್ತಾರೆ. ಅದರ ಸ್ಕ್ರೀನ್‌ಶಾಟ್ ಕಳಿಸಿದೀನಿ, ಬ್ಲೂ ಟಿಕ್ ಬಂದಿದೆ, ರಿಪ್ಲೈ ಇಲ್ಲ.