ಚೀನೀ ಕಷಾಯದ ಕರೆಂಟ್ ಮಡಕೆ: ಮಡಕೆ ಚಿನ್ನ, ಟೈಮರ್ ದಂಡ

ಚೀನೀ ಗಿಡಮೂಲಿಕೆಗಳ ಕಷಾಯ ಕುದಿಸುವ ಪಿಂಗಾಣಿಯ ಕರೆಂಟ್ ಮಡಕೆಯ ಗುಂಡಿಯ ಮೇಲೆ ‘30 ನಿಮಿಷ’ ಅಂತ ಇದೆಯಲ್ಲ, ಅದು ಕುದಿಯುವ 30 ನಿಮಿಷ ಅಲ್ಲ. ಸ್ವಿಚ್ ಒತ್ತಿದ ಕ್ಷಣದಿಂದಲೇ ಎಣಿಕೆ ಶುರು. 300 ವ್ಯಾಟಿನ ಮಡಕೆಯಲ್ಲಿ 800 ಮಿ.ಲೀ. ತಣ್ಣೀರು ಕುದಿಗೆ ಬರಲು ಬರೀ ಲೆಕ್ಕದಲ್ಲೇ 13 ನಿಮಿಷ ಬೇಕು. ದಪ್ಪ ಪಿಂಗಾಣಿ ಕಾಯುವ ಹೊತ್ತೂ ಸೇರಿದರೆ 20 ದಾಟುತ್ತದೆ. ಬೇರು, ತೊಗಟೆಗಳಿಗೆ ದಕ್ಕುವುದು ಹತ್ತು ನಿಮಿಷವೂ ಇಲ್ಲ. ಬಣ್ಣ ಬಂದಿರುತ್ತದೆ, ಸಾರ ಬಂದಿರುವುದಿಲ್ಲ.

ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಚೀನೀ ವೈದ್ಯರ ಚೀಟಿ ಹಿಡಿದು ಹೋದರೆ ಅಂಗಡಿಯವರು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿಕೊಡುತ್ತಾರೆ. ಎಷ್ಟು ಹೊತ್ತು ಕುದಿಸಬೇಕು ಅನ್ನುವುದು ಆ ಔಷಧದ ಅರ್ಧ ಜೀವ. ನೆಗಡಿ-ಜ್ವರದ ಸೊಪ್ಪುಗಳಿಗೆ ಕುದಿ ಬಂದ ಮೇಲೆ 10-15 ನಿಮಿಷ ಸಾಕು. ಪುದೀನ ಜಾತಿಯ ಬೋಹೆಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಬೇಕು, ಇಲ್ಲವಾದರೆ ಅದರ ಎಣ್ಣೆಯಂಶವೆಲ್ಲ ಆವಿಯ ಜೊತೆ ಹೋಗುತ್ತದೆ. ಶಕ್ತಿ ತುಂಬುವ ಬೇರುಗಳಿಗೆ ಸಣ್ಣ ಉರಿಯಲ್ಲಿ 40ರಿಂದ 60 ನಿಮಿಷ. ಸಿಂಪಿ ಚಿಪ್ಪು, ಜಿಪ್ಸಂನಂಥ ಗಟ್ಟಿ ಪದಾರ್ಥಗಳನ್ನು ಉಳಿದವಕ್ಕಿಂತ 20-30 ನಿಮಿಷ ಮೊದಲೇ ಒಲೆಗೇರಿಸಬೇಕು. ಇಷ್ಟೆಲ್ಲವನ್ನೂ ಒಂದೇ ಗುಂಡಿ ನೋಡಿಕೊಳ್ಳುತ್ತದೆ ಅನ್ನುವ ಜಾಹೀರಾತಿಗೆ ಏನು ಹೇಳೋಣ!

ಇದು ಬರೀ ರುಚಿಯ ದೂರಾಗಿದ್ದರೆ ಬಿಡಬಹುದಿತ್ತು. ಚೀಟಿಯಲ್ಲಿ ಫುಝಿ ಇದ್ದರೆ ಈ ಟೈಮರ್ ಅಪಾಯ. ಫುಝಿ ನಮ್ಮ ವತ್ಸನಾಭಿಯ ಕುಲದ್ದೇ, ಶುದ್ಧಿ ಮಾಡಿದ ಬೇರು. ಅದರಲ್ಲಿ ಉಳಿದ ಅಕೋನಿಟೈನ್ ವಿಷ ಮುರಿಯುವುದು ದೀರ್ಘ ಕುದಿಯಿಂದಲೇ. ಅರೆಬೆಂದ ಕಷಾಯ ಕುಡಿದರೆ ನಾಲಿಗೆ, ತುಟಿ ಜೋಮು ಹಿಡಿದು ಎದೆಬಡಿತ ದಿಕ್ಕು ತಪ್ಪುತ್ತದೆ. ಅಂಥ ಪೊಟ್ಟಣವನ್ನು ಈ ಯಂತ್ರಕ್ಕೆ ಒಪ್ಪಿಸಲೇಬೇಡಿ. ಅಂಗಡಿಯವರೇ ಕುದಿಸಿ ಪ್ಯಾಕ್ ಮಾಡಿಕೊಡುತ್ತಾರೆ, ಅಲ್ಲಿ ಮಾಡಿಸಿ. (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ ಚೀಟಿ ಬರೆಸುವಾಗಲೇ ಹೇಳುವುದನ್ನು ಮರೆಯಬೇಡಿ. ಡಾಂಗ್‌ಗುಯಿ, ಡಾನ್‌ಶೆನ್ ಎಂಬ ಬೇರುಗಳಲ್ಲಿ ಯಾವುದೇ ಆದರೂ ಅದರ ಜೊತೆ ಸೇರಿದರೆ ರಕ್ತಸ್ರಾವದ ಭಯ.)

ಉಳಿದ ಮಾಮೂಲಿ ಪೊಟ್ಟಣಗಳಿಗೆ ಪರಿಹಾರ ಇದೆ. ಔಷಧವನ್ನು ಒಮ್ಮೆ ಮಾತ್ರ ಬೇಗ ಜಾಲಿಸಿ ಮಡಕೆಗೆ ಹಾಕಿ, ಎರಡು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು ಹೊಯ್ದು ಅರ್ಧ ಗಂಟೆ ನೆನೆಹಾಕಿ. ನೇರ ಬಿಸಿನೀರು ಹೊಯ್ದರೆ ಬೇರಿನ ಹೊರಪದರ ಬಿಗಿದುಕೊಂಡು ಒಳಗಿನದು ಬಿಡುವುದಿಲ್ಲ ಅನ್ನುತ್ತಾರೆ. ಆಮೇಲೆ ಉದ್ದದ ಪ್ರೋಗ್ರಾಂ ಹಾಕಿ, ಮುಚ್ಚಳ ಅಲುಗಿದಾಗ ಫೋನಿನಲ್ಲಿ ಬೇರೆ ಟೈಮರ್ ಇಡಿ. ಸೋಸಿದ ಮೇಲೆ ಅದೇ ಚರಟಕ್ಕೆ ಎರಡನೇ ನೀರು. ಈ ಸಲ ಕೆಟಲ್‌ನ ಕುದಿನೀರು ಹೊಯ್ಯಿರಿ. ಬಿಸಿ ಪಿಂಗಾಣಿಗೆ ತಣ್ಣೀರು ಬಿದ್ದು ಬಿರುಕು ಬಿಡುವ ಭಯವೂ ಇಲ್ಲ, ಗುಂಡಿಯ 20 ನಿಮಿಷ ನಿಜವಾದ 20 ನಿಮಿಷವೂ ಆಗುತ್ತದೆ. ಎರಡೂ ಸಲದ್ದನ್ನು ಕೂಡಿಸಿದರೆ ಸುಮಾರು 400 ಮಿ.ಲೀ. ಬರಬೇಕು. ಅರ್ಧ ಬೆಳಿಗ್ಗೆ, ಅರ್ಧ ಸಂಜೆ. ಬೇರೆಬೇರೆ ಕುಡಿದರೆ ಬೆಳಗಿನದು ಗಟ್ಟಿ, ಸಂಜೆಯದು ನೀರು.

ಇಷ್ಟು ಬೈದ ಮೇಲೂ ಮಡಕೆಯನ್ನು ಬಿಡಲು ಮನಸ್ಸಾಗುವುದಿಲ್ಲ, ನೋಡಿ. ಇಂಡಕ್ಷನ್ ಒಲೆಯ ಬಾಡಿಗೆ ಮನೆಯಲ್ಲಿ ಮಣ್ಣಿನ ಮಡಕೆ ಕಾಯುವುದೇ ಇಲ್ಲ. ಕಬ್ಬಿಣದ ಪಾತ್ರೆಯಲ್ಲಿ ಔಷಧದ ಟ್ಯಾನಿನ್ ಸೇರಿ ಕಷಾಯ ಕಪ್ಪಾಗುತ್ತದೆ. ಪಿಂಗಾಣಿ ಯಾವುದಕ್ಕೂ ಪ್ರತಿಕ್ರಿಯಿಸದು. ಕುದಿ ಬಂದ ಮೇಲೆ ಶಾಖ ತಾನಾಗಿ ಇಳಿದು ಗುಳುಗುಳು ಸದ್ದು ಮಾತ್ರ ಉಳಿಯುತ್ತದೆ, ಅದು ಗ್ಯಾಸಿನ ಸಣ್ಣ ಉರಿಗಿಂತಲೂ ಹದ. ತಳ ಹಿಡಿಯುವುದು ಅಪರೂಪ. ಹಿಡಿದರೆ ಇಡೀ ಪೊಟ್ಟಣ ಕಸಕ್ಕೆ, ನೀರು ಸೇರಿಸಿ ಉಳಿಸಿಕೊಳ್ಳುವಂತಿಲ್ಲ. ದಿನದ ಔಷಧದ ದುಡ್ಡು ಉಳಿದದ್ದನ್ನು ಲೆಕ್ಕ ಹಾಕಿದರೆ ಮಡಕೆಯ ಬೆಲೆ ಹೆಚ್ಚೇನಲ್ಲ.

ಶುಂಠಿ, ಚೆಕ್ಕೆಯ ಕೊಂಬೆ, ಬೋರೆಹಣ್ಣಿನ ಜಾತಿಯ ಕೆಂಪು ಖರ್ಜೂರ, ಜ್ಯೇಷ್ಠಮಧು, ಬಿಳಿ ಪಿಯೋನಿ ಬೇರು ಹಾಕುವ ಗುಯಿಝಿ ಕಷಾಯಕ್ಕಂತೂ ಇದು ಹೇಳಿ ಮಾಡಿಸಿದಂತಿದೆ. ಚೀನಾದ ಹಾನ್ ರಾಜವಂಶದ ಕಾಲದ ವೈದ್ಯ ಜಾಂಗ್ ಝೋಂಗ್‌ಜಿಂಗ್ ಹೇಳಿದ ಲೆಕ್ಕ ನಿಮಿಷದ್ದಲ್ಲ, ನೀರಿನದು: 7 ಅಳತೆ 3ಕ್ಕೆ ಇಳಿಯಬೇಕು. ನಮ್ಮ ಕಷಾಯದ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಮರದ ಕಡ್ಡಿಗೆ ಗುರುತು ಹಾಕಿಕೊಂಡು ನೀರಿನ ಮಟ್ಟ ಅಳೆದರೆ ಟೈಮರಿನ ಹಂಗೇ ಇಲ್ಲ. ಕುಡಿದ ಮೇಲೆ ಬಿಸಿ ತೆಳುಗಂಜಿ ಕುಡಿದು ಹೊದ್ದು ಮಲಗು, ಸಣ್ಣಗೆ ಬೆವರು ಬರಲಿ ಅನ್ನುವುದೂ ಅವನದೇ ಸೂಚನೆ.

ಕೊಳ್ಳುವವರಿಗೆ ಎರಡು ಮಾತು. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ: ಶಾನ್‌ಯಾವ್‌ನಂಥ ಗೆಣಸಿನ ಪಿಷ್ಟ ನೊರೆ ಕಟ್ಟಿ ಉಕ್ಕಿದರೆ ಕೆಳಗಿನ ಗುಂಡಿಗಳ ಸಂದಿಗೇ ಇಳಿಯುತ್ತದೆ. ಇಸಬ್‌ಗೋಲಿನ ಸೋದರನಾದ ಚೆಚಿಯಾನ್‌ಝಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಯೇ ಹಾಕಿ, ಬಿಡಿಬಿಡಿಯಾಗಿ ಬಿದ್ದರೆ ಲೋಳೆಯಾಗಿ ತಳಕ್ಕೆ ಅಂಟುತ್ತದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ತಾನೇ ಕುದಿಯುವ ಸೌಲಭ್ಯ ಸಿಂಗಪುರದ ಸೆಕೆಯಲ್ಲಿ ಕೆಲಸಕ್ಕೆ ಬಾರದು. ಎಂಟು ಗಂಟೆ ನೆಂದ ಖರ್ಜೂರ ಹುಳಿ ವಾಸನೆ ಹೊಡೆಯುತ್ತದೆ.