ಮೊಲ ಹುಡುಕಿದರೆ ‘ಮೇಲೆ’ ಸಿಕ್ಕಿತು: ಎಸ್‌ಕ್ಯೂಲೈಟೋ, ಪೋಸ್ಟ್‌ಗ್ರೆಸ್ಸೋ?

ಮೊದಲೇ ಹೇಳಿಬಿಡ್ತೀನಿ, ಈ ಎರಡು ಡೇಟಾಬೇಸ್‌ಗಳಲ್ಲಿ (ಮಾಹಿತಿ ಕೂಡಿಟ್ಟು ಹುಡುಕಿಕೊಡುವ ತಂತ್ರಾಂಶ) ನನ್ನ ಓಟು ಎಸ್‌ಕ್ಯೂಲೈಟ್‌ಗೆ. ಒಂದು ಇಡೀ ಭಾನುವಾರ ಅದು ಹಾಳು ಮಾಡಿದ ಮೇಲೂ.

ಕೆಲಸ ಸಣ್ಣದು. ಅಜ್ಜಿಯ ಬಾಯಿಂದ ಕೇಳಿ ಬರೆದಿಟ್ಟ ಗಾದೆ, ಕತೆಗಳ ಪುಟ್ಟ ಸೈಟು. ಹುಡುಕಿದ ಮಾತು ಫಲಿತಾಂಶದಲ್ಲಿ ಎದ್ದು ಕಾಣಬೇಕು, ಅಷ್ಟೇ.

ಎಸ್‌ಕ್ಯೂಲೈಟ್‌ನಲ್ಲಿ ಪಠ್ಯ ಹುಡುಕುವ ಭಾಗವಾದ ಎಫ್‌ಟಿಎಸ್5 ಹಾಕಿ ‘ಮೊಲ’ ಅಂತ ಹುಡುಕಿದೆ. ಮೊಲದ ಜೊತೆ ‘ಮೂಲ’, ‘ಮಾಲೆ’, ‘ಮೇಲೆ’ ಎಲ್ಲ ಸಾಲಾಗಿ ಬಂದವು. ಗುರುತಿಗೆ ಚೌಕ ಕಂಸ ಕೊಟ್ಟಿದ್ದೆ. ಪರದೆಯ ಮೇಲೆ [ಮೇಲ]ೆ ಅಂತ ಕಂಸದಾಚೆ ಎತ್ವವೊಂದು ಅನಾಥವಾಗಿ ನೇತಾಡುತ್ತಿತ್ತು. ಡೇಟಾ ಕೆಟ್ಟಿದೆ ಅಂದುಕೊಂಡು ಮಧ್ಯಾಹ್ನದವರೆಗೆ ಫೈಲನ್ನೇ ಜಾಲಾಡಿದೆ. ತಪ್ಪು ಅಲ್ಲಿರಲಿಲ್ಲ. ಎಫ್‌ಟಿಎಸ್5 ಒಳಗೆ ಪಠ್ಯವನ್ನು ಪದಗಳಾಗಿ ಒಡೆಯುವ ಯೂನಿಕೋಡ್61 ಅಕ್ಷರ, ಅಂಕಿಗಳನ್ನು ಮಾತ್ರ ಪದದ ಭಾಗ ಅನ್ನುತ್ತೆ. ಕೊಂಬು, ದೀರ್ಘ, ಎತ್ವ, ವಿರಾಮ ಎಲ್ಲ ಅದರ ಲೆಕ್ಕದಲ್ಲಿ ಖಾಲಿ ಜಾಗ ಇದ್ದ ಹಾಗೆ. ಹಾಗಾಗಿ ಮೊಲವೂ ಮೇಲೆಯೂ ಬರೀ ‘ಮ’, ‘ಲ’!

ಸಿಟ್ಟಿನಲ್ಲಿ ಪೋಸ್ಟ್‌ಗ್ರೆಸ್‌ಗೆ ಹಾರಿದೆ. ಭಾಷೆಯ ವ್ಯಾಕರಣ ನೋಡದ ‘ಸಿಂಪಲ್’ ಸಂರಚನೆ ಇಟ್ಟರೆ ಕನ್ನಡ ಪದ ಒಡೆಯಲಿಲ್ಲ, ಮೊಲ ಮೊಲವಾಗಿಯೇ ಸಿಕ್ಕಿತು. ಆದರೆ ‘ಮೂರೇ ಕಾಲು’ ಅಂತ ನುಡಿಗಟ್ಟನ್ನೇ ಹುಡುಕಿದಾಗ ಅದರ ಹೈಲೈಟ್ ಫಂಕ್ಷನ್ ಟಿಎಸ್_ಹೆಡ್‌ಲೈನ್ ಎರಡು ಪದಕ್ಕೂ ಬಿಡಿಬಿಡಿಯಾಗಿ ಬಣ್ಣ ಹಚ್ಚಿತು. ಅದೇ ತುಣುಕಿನಲ್ಲಿ ಮುದುಕಿ ಕಾಲು ನೀವಿಕೊಳ್ಳುತ್ತಿದ್ದಳು, ಆ ಕಾಲಿಗೂ ಬಣ್ಣ. ಜೊತೆಗೆ ಪ್ರತಿ ಫಲಿತಾಂಶಕ್ಕೂ ಮೂಲ ಪಠ್ಯವನ್ನು ಮತ್ತೆ ಓದುವುದರಿಂದ ನಿಧಾನ; ನನ್ನ ನಾಲ್ಕಾರು ನೂರು ಗಾದೆಗೆ ಅದೇನೂ ತಟ್ಟಲಿಲ್ಲ ಬಿಡಿ.

ವಾಪಸ್ ಬಂದು ಯೂನಿಕೋಡ್61ರ ವರ್ಗಗಳ ಪಟ್ಟಿಗೆ ಕೊಂಬು, ಎತ್ವದಂಥ ಚಿಹ್ನೆಗಳ ವರ್ಗಗಳಾದ ಎಂಎನ್, ಎಂಸಿ ಎರಡನ್ನೂ ಸೇರಿಸಿ ಟೇಬಲ್ ಹೊಸದಾಗಿ ಕಟ್ಟಿದೆ. ಒಂದೇ ಸಾಲು. ಈಗ ‘ತಾನು ಹಿಡಿದ ಮೊಲಕ್ಕೆ [ಮೂರೇ ಕಾಲು]’ ಅಂತ ಇಡೀ ನುಡಿಗಟ್ಟು ಒಂದೇ ಕಂಸದಲ್ಲಿ ಬರುತ್ತೆ, ಮುದುಕಿಯ ಕಾಲು ತಣ್ಣಗಿದೆ.

ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಹೈಲೈಟ್ ಮಾಡುವ ಫಂಕ್ಷನ್ನೇ ಇಲ್ಲ, ಅಲ್ಲಿಗೆ ಬಿಟ್ಟೆ. ಕನ್ನಡದ ವಿಭಕ್ತಿ ಗೊತ್ತಿಲ್ಲದ್ದು ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಇಬ್ಬರಿಗೂ. ‘ಮೊಲ’ ಅಂದರೆ ‘ಮೊಲಕ್ಕೆ’ ಸಿಗಬೇಕಾದರೆ ಕೊನೆಗೆ ನಕ್ಷತ್ರ (*) ಹಾಕಲೇಬೇಕು. ಎಚ್‌ಟಿಎಂಎಲ್ ಎಸ್ಕೇಪ್ ಮಾಡುವ (ಪಠ್ಯದಲ್ಲಿನ ಗುರುತುಗಳನ್ನು ಬ್ರೌಸರ್ ಕೋಡ್ ಅಂದುಕೊಳ್ಳದಂತೆ ಬದಲಿಸುವ) ಕೆಲಸವೂ ನಮ್ಮದೇ.

ನನ್ನದು 1 ಜಿಬಿ ರ‍್ಯಾಮಿನ ಅಗ್ಗದ ಸರ್ವರ್. ಪೋಸ್ಟ್‌ಗ್ರೆಸ್ ಸಾಕೋಕೆ ಬೇರೆ ಸರ್ವಿಸ್, ಬೇರೆ ಬ್ಯಾಕಪ್ ಬೇಕು. ಎಸ್‌ಕ್ಯೂಲೈಟ್ ಆದರೆ ರಾತ್ರಿ ಸೈಟು ನಿಲ್ಲಿಸಿ ಒಂದು ಫೈಲ್ ಪೆನ್‌ಡ್ರೈವ್‌ಗೆ ಎಳೆದು ಮಲಗ್ತೀನಿ.