ಲಾಂಛನ ಮುಚ್ಚಿ ನೋಡಿದ ನಾಲ್ಕು ಸೆಡಾನ್‌ಗಳು

ನಾಲ್ಕು ದೊಡ್ಡ ಸೆಡಾನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ನಾನು ಮೊದಲು ಕೊಂಡದ್ದು ಬಣ್ಣ ಬಳಿಯುವವರು ಕಿಟಕಿಯ ಅಂಚಿಗೆ ಹಚ್ಚುವ ನೀಲಿ ಅಂಟುಪಟ್ಟಿಯ ಒಂದು ಸುರುಳಿಯನ್ನು. ಈ ದರ್ಜೆಯ ಕಾರಿಗೆ ತೆರುವ ಹಣದಲ್ಲಿ ಎಂಜಿನ್ನಿನ ಪಾಲೆಷ್ಟೋ ಹೆಸರಿನ ಪಾಲೂ ಅಷ್ಟೇ ಇರಬೇಕು ಎಂಬುದು ನನ್ನ ಬಹುಕಾಲದ ಗುಮಾನಿ. ಹಾಗಿದ್ದಲ್ಲಿ ಆ ಹೆಸರು ಕಾರಿನ ಮೈಯಲ್ಲಿ ಎಲ್ಲಿ ನೆಲೆಸಿದೆ, ಮೂತಿಯ ಮೇಲೆ ಅಂಟಿಸಿದ ಲಾಂಛನದಲ್ಲೋ ಅಥವಾ ತಗಡನ್ನು ಬಾಗಿಸಿದ ಬಗೆಯಲ್ಲೋ ಎಂಬುದನ್ನು ಕಣ್ಣಾರೆ ಪರೀಕ್ಷಿಸದೆ ಸಹಿ ಹಾಕುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಎಂಜಿನ್, ಇಂಧನದ ಲೆಕ್ಕ, ಸವಾರಿಯ ಹದ ಇವುಗಳನ್ನು ಬೇರೆಯವರು ಸಾಕಷ್ಟು ಬರೆದಿರುವುದರಿಂದ ಇಲ್ಲಿ ರೂಪದ ಮಾತು ಮಾತ್ರ.

ಪರೀಕ್ಷೆಗೆ ಒಳಗಾದವು ಬಿಎಂಡಬ್ಲ್ಯು 530ಎಲ್‌ಐ, ಮರ್ಸಿಡಿಸ್ ಬೆಂಜ್ ಇ-ಕ್ಲಾಸ್, ಲೆಕ್ಸಸ್ ಇಎಸ್ 300ಎಚ್ ಮತ್ತು ವೋಲ್ವೊ ಎಸ್90. ಮೊದಲನೆಯದು 2024ರ ಜುಲೈನಲ್ಲಿ 72.9 ಲಕ್ಷ ರೂಪಾಯಿಯ ಆರಂಭಿಕ ಬೆಲೆಯೊಂದಿಗೆ, ಎರಡನೆಯದು ಅದೇ ವರ್ಷದ ಅಕ್ಟೋಬರಿನಲ್ಲಿ 78.5 ಲಕ್ಷದಿಂದ ಇಲ್ಲಿನ ಮಾರುಕಟ್ಟೆಗೆ ಬಂದವು. ಎರಡೂ ಹಿಂದಿನ ಸೀಟಿನವರಿಗಾಗಿ ಉದ್ದ ಹಿಗ್ಗಿಸಿದ ಕಾರುಗಳು. ಉಳಿದೆರಡು ಆಗ ಅವುಗಳಿಗಿಂತ ಅಗ್ಗವಾಗಿದ್ದವು. ಬೆಂಗಳೂರಿನವನಾದ ನನಗೆ ಈ ಉಳಿದೆರಡರ ಮೇಲೆ ಮೊದಲಿನಿಂದಲೂ ತುಸು ಪಕ್ಷಪಾತವಿತ್ತೆಂದು ಒಪ್ಪಿಕೊಳ್ಳಬೇಕು. ಲೆಕ್ಸಸ್ ಇಎಸ್ ಅನ್ನು 2020ರಿಂದ ಬಿಡದಿಯಲ್ಲಿ ಜೋಡಿಸುತ್ತಿದ್ದರೆ, ವೋಲ್ವೊ ಕಾರುಗಳು 2017ರಿಂದ ಹೊಸಕೋಟೆಯಲ್ಲಿ ಜೋಡಣೆಗೊಳ್ಳುತ್ತಿವೆ. ಒಂದು ಮೈಸೂರು ರಸ್ತೆಯ ಕೂಸು, ಇನ್ನೊಂದು ಕೋಲಾರ ರಸ್ತೆಯ ಕೂಸು. ರೂಪ ತೀರ್ಮಾನವಾಗುವುದು ಜಪಾನಿನಲ್ಲಿ ಮತ್ತು ಸ್ವೀಡನ್ನಿನಲ್ಲಿ ಎಂಬುದು ಬೇರೆ ಮಾತು.

ವಿಧಾನ ಸರಳವಾಗಿತ್ತು. ಕಾರನ್ನು ಮನೆಗೆ ತರಿಸಿಕೊಂಡ ದಿನ ಮುಂದಿನ, ಹಿಂದಿನ ಮತ್ತು ಚಕ್ರಗಳ ನಡುವಿನ ಲಾಂಛನಗಳನ್ನೆಲ್ಲ ಪಟ್ಟಿಯಿಂದ ಮುಚ್ಚಿ, ನಲವತ್ತು ಹೆಜ್ಜೆ ದೂರದಿಂದ ಮನೆಯವರಿಗೆ ಮತ್ತು ನೆರೆಯವರಿಗೆ ತೋರಿಸಿ, ಯಾವ ಕಾರೆಂದು ಕೇಳುವುದು. ಅದೇ ಜಾಗದಲ್ಲಿ ಪಕ್ಕದಿಂದ ಫೋಟೊ ತೆಗೆದು, ಆಕೃತಿಯ ಒಳಗನ್ನೆಲ್ಲ ಕಪ್ಪು ತುಂಬಿ ಹೊರರೇಖೆಯನ್ನಷ್ಟೇ ಉಳಿಸಿ ಮತ್ತೊಮ್ಮೆ ಕೇಳುವುದು. ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕತ್ತಲಾದ ಮೇಲೆ ದೀಪ ಹಚ್ಚಿ ನೋಡುವುದು. ಒಂದು ಷೋರೂಮಿನವರು ಅಂಟುಪಟ್ಟಿಯ ಸುರುಳಿಯನ್ನು ಕಂಡದ್ದೇ ತಡ, ಬಣ್ಣ ಕಿತ್ತುಬರುತ್ತದೆಂದು ಕಾರನ್ನು ಅರ್ಧ ಗಂಟೆಯಲ್ಲೇ ಹಿಂದಕ್ಕೆ ಒಯ್ದರು. ಅದು ಯಾವುದೆಂದು ಹೇಳುವುದು ಬೇಡ, ಎರಡನೆಯ ಬಾರಿ ಅವರ ಅಂಗಳಕ್ಕೇ ಹೋಗಿ ಪರೀಕ್ಷೆ ಮುಗಿಸಿದೆನೆಂದರೆ ಸಾಕು.

ಮುಖದಿಂದಲೇ ಆರಂಭಿಸೋಣ, ಏಕೆಂದರೆ ಕಳೆದ ಎರಡು ದಶಕಗಳಲ್ಲಿ ಈ ಕಂಪನಿಗಳೆಲ್ಲ ತಮ್ಮ ಗುರುತನ್ನು ಮುಂದಿನ ಜಾಲರಿಯಲ್ಲೇ ಹುಡುಕತೊಡಗಿವೆ. ಬಿಎಂಡಬ್ಲ್ಯುವಿನ ಜೋಡಿ ಮೂತ್ರಪಿಂಡದಾಕಾರದ ಜಾಲರಿ 1933ರ 303 ಮಾದರಿಯಿಂದ ಬಂದದ್ದು. ಆಗ ಅದು ಎತ್ತರವಾಗಿ, ಕಿರಿದಾಗಿ ಇತ್ತು, ಆಮೇಲೆ ಕುಗ್ಗುತ್ತ ಬಂತು, 2020ರ 4 ಸೀರೀಸ್‌ನಲ್ಲಿ ಮತ್ತೆ ಎಷ್ಟು ದೊಡ್ಡದಾಯಿತೆಂದರೆ ಆ ಕಂಪನಿಯ ಅಭಿಮಾನಿಗಳೇ ಮುಖ ತಿರುಗಿಸಿದರು. 530ಎಲ್‌ಐನಲ್ಲಿ ಅದು ಮಿತಿಯಲ್ಲಿದೆ, ಪಟ್ಟಿ ಅಂಟಿಸಿದರೂ ಎಲ್ಲರೂ ಒಂದೇ ಉಸಿರಿಗೆ ಹೆಸರು ಹೇಳಿದರು. ಲೆಕ್ಸಸ್‌ನ ಜಾಲರಿಯದು ಬೇರೆಯೇ ಕಥೆ. 1989ರಲ್ಲಿ ಎಲ್‌ಎಸ್ 400 ಬಂದಾಗ ಅದರ ಜೋಡಣೆಯ ಅಚ್ಚುಕಟ್ಟನ್ನು ಹೊಗಳಿದವರೇ ರೂಪದ ವಿಷಯಕ್ಕೆ ಬಂದಾಗ ಮರ್ಸಿಡಿಸ್‌ನ ಪಡಿಯಚ್ಚೆಂದು ಹಂಗಿಸಿದರು. ಆ ಹಂಗನ್ನು ಕಳೆದುಕೊಳ್ಳಲು ಕಂಪನಿ ಎರಡು ದಶಕಗಳ ಮೇಲೆ ಕಂಡುಕೊಂಡದ್ದು 2011ರ ಒಂದು ಪರಿಕಲ್ಪನಾ ಕಾರಿನಲ್ಲಿ ತೋರಿಸಿದ, ಮರುವರ್ಷದ ಜಿಎಸ್ ಮಾದರಿಯಿಂದ ಎಲ್ಲ ಕಾರುಗಳಿಗೂ ಹಬ್ಬಿದ, ನಡು ಸಣ್ಣಗಾಗಿ ಮೇಲೂ ಕೆಳಗೂ ಅಗಲವಾಗುವ, ನೂಲು ಸುತ್ತುವ ಕದಿರಿನ ಆಕಾರ. ಲೆಕ್ಸಸ್‌ನ ಒಡೆಯ ಟೊಯೊಟ ಕಂಪನಿ; ಮಗ್ಗದ ಯಂತ್ರಗಳಿಂದ ಉದ್ಯಮ ಆರಂಭಿಸಿ ಆ ಕಂಪನಿಯನ್ನು ಕಟ್ಟಿದ ಟೊಯೊಡ ಮನೆತನದ ಕಾರಿಗೆ ಕದಿರು ಚೆನ್ನಾಗಿಯೇ ಹೊಂದುತ್ತದೆ. ಹತ್ತಿರದಿಂದ ನೋಡಿದರೆ ಇಎಸ್‌ನ ಜಾಲರಿಯಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದಂಥ ಚಿಕ್ಕಚಿಕ್ಕ ತುಣುಕುಗಳನ್ನು ಸಾಲಾಗಿ ಪೋಣಿಸಿದ್ದಾರೆ. ಬೆರಳಾಡಿಸಿದರೆ ಬಾಚಣಿಗೆಯ ಹಲ್ಲಿನಂತೆ ತಟ್ಟುತ್ತ ಹೋಗುತ್ತದೆ. ನಾಲ್ಕರಲ್ಲಿ ಬೇರೆ ಯಾರದನ್ನೂ ನೆನಪಿಸದ ಮುಖ ಇದೇ. ಆದರೆ ಸ್ವೋಪಜ್ಞವಾದದ್ದೆಲ್ಲ ಸಹಜವಾಗಿರಬೇಕೆಂದಿಲ್ಲ. ಸಭ್ಯವಾದ, ಮೃದುವಾದ ಆ ಮೈಗೆ ಈ ಮುಖವನ್ನು ಯಾರೋ ಹೊರಗಿನಿಂದ ತಂದು ಕಟ್ಟಿದಂತೆ ನನಗೆ ಕೊನೆಯವರೆಗೂ ಅನಿಸಿತು.

ವೋಲ್ವೊದ ಓರೆಪಟ್ಟಿಯಲ್ಲಿ ಆ ತೊಡಕಿಲ್ಲ. 1927ರ ಮೊದಲ ಕಾರಿನಲ್ಲಿ ಕಬ್ಬಿಣವೆಂಬ ಲೋಹವನ್ನು ಸೂಚಿಸುವ ಬಾಣದ ವೃತ್ತವನ್ನು ರೇಡಿಯೇಟರಿನ ನಡುವೆ ಹಿಡಿದು ನಿಲ್ಲಿಸಲು ಏನಾದರೊಂದು ಆಧಾರ ಬೇಕಿತ್ತು. ಮೂಲೆಯಿಂದ ಮೂಲೆಗೆ ಬಿಗಿದ ಆ ಪಟ್ಟಿಯೇ ಇಂದಿಗೂ ಉಳಿದಿದೆ. ನಾನು ವೃತ್ತವನ್ನು ಮುಚ್ಚಿದೆ, ಓರೆಪಟ್ಟಿಯನ್ನು ಮುಚ್ಚಬೇಕೆಂದು ನನಗೆ ತೋಚಲಿಲ್ಲ. ಅದನ್ನು ಕಂಡು ಎಲ್ಲರೂ ಗುರುತಿಸಿಬಿಟ್ಟರು. ಉಪಯೋಗಕ್ಕೆಂದು ಹುಟ್ಟಿ ಗುರುತಾಗಿ ಉಳಿದ ಇಂಥ ವಸ್ತುವಿಗೂ, ಗುರುತಿಗೆಂದೇ ಸಭೆ ಸೇರಿಸಿ ಮಾಡಿದ ಆಕಾರಕ್ಕೂ ಇರುವ ಅಂತರ ನನ್ನ ತೀರ್ಮಾನದಲ್ಲಿ ಆಮೇಲೆ ಬಹಳ ಕೆಲಸ ಮಾಡಿತು.

ಮರ್ಸಿಡಿಸ್ ಮುಖದ ಪರೀಕ್ಷೆಯಲ್ಲಿ ಸೋತಿತು. ಜಾಲರಿಗೂ ದೀಪಗಳಿಗೂ ನಡುವೆ ಹೊಳೆಯುವ ಕಪ್ಪು ಪಟ್ಟಿ ಹರಿಸಿರುವ ಹೊಸ ಇ-ಕ್ಲಾಸ್‌ನ ನಕ್ಷತ್ರವನ್ನು ಮುಚ್ಚಿದ ಮೇಲೆ ಇಬ್ಬರು ಬೇರೆ ಕಂಪನಿಗಳ ಹೆಸರು ಹೇಳಿದರು, ಒಬ್ಬರು ಸುಮ್ಮನಾದರು.

ಪಕ್ಕದ ನೋಟದಲ್ಲಿ ಲೆಕ್ಕ ತಲೆಕೆಳಗಾಯಿತು. ಕಾರಿನ ಮನೆತನ ತಿಳಿಯುವುದು ಮುಖದಿಂದಲ್ಲ, ಮೈಕಟ್ಟಿನಿಂದ ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ. ಮುಂಚಕ್ರದ ಹಿಂಬದಿಗೂ ಮುಂಬಾಗಿಲಿನ ಅಂಚಿಗೂ ನಡುವಿನ ಜಾಗವನ್ನು ಗಮನಿಸಿ. ಹಿಂಚಕ್ರಗಳಿಗೆ ಶಕ್ತಿ ಹೋಗುವ ಕಾರುಗಳಲ್ಲಿ ಎಂಜಿನ್ ಉದ್ದುದ್ದ ಕೂರುವುದರಿಂದ ಮುಂಚಕ್ರ ಮುಂದಕ್ಕೆ ಸರಿಯುತ್ತದೆ, ಈ ಜಾಗ ವಿಶಾಲವಾಗುತ್ತದೆ, ಕಾರು ಹಿಂಗಾಲಿನ ಮೇಲೆ ಭಾರ ಹಾಕಿ ನಿಂತ ಕುದುರೆಯಂತೆ ಕಾಣುತ್ತದೆ. ಐಷಾರಾಮಿ ಕಾರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಠೀವಿಯ ಗುಟ್ಟು ಇದೇ. ಬಿಎಂಡಬ್ಲ್ಯು ಮತ್ತು ಮರ್ಸಿಡಿಸ್‌ನಲ್ಲಿ ಇದು ಹುಟ್ಟಿನಿಂದಲೇ ಬಂದದ್ದು. ಲೆಕ್ಸಸ್ ಇಎಸ್ ಮುಂಚಕ್ರಗಳಿಂದ ಓಡುವ ಕಾರು. ಅಡ್ಡಲಾಗಿ ಕೂತ ಎಂಜಿನ್‌ನಿಂದಾಗಿ ಬಾಗಿಲು ಚಕ್ರದ ಬೆನ್ನಿಗೇ ಬಂದು ನಿಂತಿದೆ, ಮೂತಿ ಚಕ್ರದಿಂದ ಮುಂದಕ್ಕೆ ಚಾಚಿದೆ. ಕಪ್ಪು ತುಂಬಿದ ಚಿತ್ರದಲ್ಲಿ ನನ್ನ ಮಗಳು ಅದನ್ನು ಕಂಡು, ಇದು ನಮ್ಮ ಕಾಲೇಜಿನ ದಾರಿಯಲ್ಲಿ ಓಡುವ ಟ್ಯಾಕ್ಸಿಯ ಅಣ್ಣ ಎಂದಳು. ಅನ್ಯಾಯದ ಮಾತಾದರೂ ತಳ್ಳಿಹಾಕುವಂತಿರಲಿಲ್ಲ. ಸೋಜಿಗವೆಂದರೆ ಎಸ್90 ಕೂಡ ಮುಂಚಕ್ರಗಳಿಂದಲೇ ಓಡುತ್ತದೆ, ಅದರ ಎಂಜಿನ್ನೂ ಅಡ್ಡಲಾಗಿಯೇ ಕೂತಿದೆ. ಆದರೂ ಅದರ ಚೌಕಟ್ಟನ್ನು ಯೋಜಿಸುವಾಗಲೇ ಮುಂಚಕ್ರವನ್ನು ಮುಂದಕ್ಕೆ ನೂಕಿಟ್ಟಿರುವುದರಿಂದ ಅದು ಹಿಂಚಕ್ರದ ಕಾರಿನ ಠೀವಿಯನ್ನು ಪಡೆದಿದೆ. ಇದನ್ನು ಎರವಲು ಎನ್ನಬೇಕೋ ಸಾಧನೆ ಎನ್ನಬೇಕೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಅಳತೆ ಯಾರ ಮನೆಯ ಆಸ್ತಿಯೂ ಅಲ್ಲವಾದ್ದರಿಂದ ಸಾಧನೆ ಎಂದೇ ಬರೆದುಕೊಂಡೆ.

ಬಿಎಂಡಬ್ಲ್ಯುವಿನ ಪಕ್ಕಕ್ಕೆ ಬಂದರೆ ಹಿಂದಿನ ಕಿಟಕಿಯ ಗಾಜು ಬುಡದಲ್ಲಿ ತಟಕ್ಕನೆ ಮುಂದಕ್ಕೆ ತಿರುಗುವ ಕೊಕ್ಕೆಯನ್ನು ನೋಡಲೇಬೇಕು. 1961ರಲ್ಲಿ ಪ್ರದರ್ಶನಗೊಂಡ 1500 ಮಾದರಿಯಿಂದ ಪ್ರಸಿದ್ಧವಾಗಿ, ಆಗಿನ ವಿನ್ಯಾಸ ಮುಖ್ಯಸ್ಥ ವಿಲ್ಹೆಲ್ಮ್ ಹೋಫ್‌ಮೈಸ್ಟರ್ ಅವರ ಹೆಸರು ಹೊತ್ತ ಈ ತಿರುವು ಅಷ್ಟು ಪುಟ್ಟದಾಗಿದ್ದರೂ ಚಿತ್ರದಲ್ಲಿ ಕಾರನ್ನು ಹಿಡಿದುಕೊಟ್ಟದ್ದು ಅದೇ. ಸ್ವಾರಸ್ಯವೆಂದರೆ ಇದೇ ಬಗೆಯ ತಿರುವು ಅದಕ್ಕೂ ಹತ್ತು ವರ್ಷ ಹಿಂದೆ, 1951ರ ಅಮೆರಿಕದ ಕೈಸರ್ ಕಾರಿನಲ್ಲಿತ್ತು. ಕೈಸರ್ ಕಂಪನಿ ಅದನ್ನು ಬಿಟ್ಟಿತು, ಬಿಎಂಡಬ್ಲ್ಯು ಅರವತ್ತು ವರ್ಷ ಬಿಡದೆ ಹಿಡಿದುಕೊಂಡಿತು. ಗುರುತೆಂಬುದು ಮೊದಲು ಬರೆದವನಿಗಿಂತ ಬಿಡದೆ ತಿದ್ದಿದವನಿಗೆ ಸಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಈ ಹೊಸ ಕಾರಿನಲ್ಲಿ ಆ ತಿರುವಿನ ಮೂಲೆಯಲ್ಲೇ ‘5’ ಎಂಬ ಅಂಕಿಯನ್ನು ಉಬ್ಬಿಸಿ ಅಚ್ಚೊತ್ತಿದ್ದಾರೆ. ಒಗಟು ಹೇಳಿ ಉತ್ತರವನ್ನೂ ಪಕ್ಕದಲ್ಲೇ ಬರೆದಿಟ್ಟಂತಾಗಿದೆ. ನೋಡಿದಾಗಲೆಲ್ಲ ನನ್ನ ಕಣ್ಣು ಅಲ್ಲಿ ಎಡವುತ್ತಿತ್ತು.

ಹಿಂಭಾಗದಲ್ಲಿ ಮರ್ಸಿಡಿಸ್ ನನ್ನನ್ನು ನಗಿಸಿತು. ಡಿಕ್ಕಿಯ ಮೇಲಿನ ನಕ್ಷತ್ರವನ್ನು ಮುಚ್ಚಿ ಸಂಜೆ ದೀಪ ಹಚ್ಚಿದರೆ, ಕೆಂಪು ದೀಪಗಳ ಒಳಗೇ ಎಡಬಲದಲ್ಲಿ ನಕ್ಷತ್ರಗಳು ಹೊಳೆದವು! ಅವನ್ನೂ ಮುಚ್ಚಲು ಹೊರಟಾಗ ಸುರುಳಿ ಮುಗಿಯಿತು. 1975ರಿಂದ 1999ರವರೆಗೆ ಆ ಕಂಪನಿಯ ರೂಪವನ್ನು ಕಾಯ್ದ ಬ್ರೂನೊ ಸಾಕೊ ಅವರ ನಿಯಮ ಇಂಥದ್ದಾಗಿರಲಿಲ್ಲ. ಒಂದೇ ಕಾಲದ ಕಾರುಗಳು ಒಡಹುಟ್ಟಿದವರಂತಿರಬೇಕು, ಹೊಸ ಕಾರು ಬಂದೊಡನೆ ಹಳೆಯದು ಮುದಿಯಾಗಿ ಕಾಣಬಾರದು ಎಂಬ ಅವರ ಎರಡು ಕಟ್ಟಳೆಗಳಿಂದಲೇ 1984ರ ಡಬ್ಲ್ಯು124 ಮಾದರಿಯ ಕಾರು ಇಂದಿಗೂ ರಸ್ತೆಯಲ್ಲಿ ಎದುರಾದರೆ ನಕ್ಷತ್ರ ಕಿತ್ತುಹೋಗಿದ್ದರೂ ಮರ್ಸಿಡಿಸ್ ಆಗಿಯೇ ಕಾಣುತ್ತದೆ. ಆಮೇಲಿನವರು ಮೊದಲ ಕಟ್ಟಳೆಯನ್ನು ಅತಿಯಾಗಿ ಪಾಲಿಸಿದರು: 2013ರ ಎಸ್, 2014ರ ಸಿ, 2016ರ ಇ, ಈ ಮೂರನ್ನೂ ಒಂದೇ ಅಚ್ಚಿನಲ್ಲಿ ಮೂರು ಅಳತೆಗೆ ಎರೆದಂತಿತ್ತು. ಅದನ್ನು ಬಿಟ್ಟು ಹೊರಟ ಈಗಿನ ಕಾರು ತನ್ನ ಗುರುತನ್ನು ನಕ್ಷತ್ರಗಳ ಸಂಖ್ಯೆಯಲ್ಲಿ ಹುಡುಕುತ್ತಿದೆ.

ನೆಲಮಾಳಿಗೆಯ ಕತ್ತಲಲ್ಲಿ ಗೆದ್ದದ್ದು ವೋಲ್ವೊ. ಥಾಮಸ್ ಇಂಗೆನ್‌ಲಾತ್ 2012ರಲ್ಲಿ ಬಂದು ವಿನ್ಯಾಸದ ಹೊಣೆ ಹೊತ್ತ ಮೇಲೆ ರೂಪುಗೊಂಡ, ನಾರ್ಡಿಕ್ ಪುರಾಣದ ಥಾರ್ ದೇವನ ಸುತ್ತಿಗೆಯೆಂದು ಹೆಸರಾದ, ಅಡ್ಡ ಬಿದ್ದ ‘ಟಿ’ಯಾಕಾರದ ಬಿಳಿ ದೀಪ ಕಂಬದ ಮರೆಯಿಂದ ಅರ್ಧ ಇಣುಕಿದ್ದಕ್ಕೇ ಗುರುತು ಸಿಕ್ಕಿತು. ಯಕ್ಷಗಾನದಲ್ಲಿ ವೇಷ ಬಾಯಿ ತೆರೆಯುವ ಮುನ್ನವೇ ಬಣ್ಣ, ಕಿರೀಟಗಳಿಂದ ಪಾತ್ರ ತಿಳಿಯುವ ಹಾಗೆ. ಎಸ್90ರ ಹಿಂಭಾಗದ ಬಗ್ಗೆ ಮಾತ್ರ ಇಷ್ಟು ಹೊಗಳಿಕೆ ಸಲ್ಲದು. ಆ ಕಂಪನಿಯ ಸ್ಟೇಷನ್ ವ್ಯಾಗನ್‌ಗಳಲ್ಲಿ ಕಂಬದಂತೆ ಎತ್ತರಕ್ಕೆ ಏರುವ ಚೆಲುವಾದ ಹಿಂದೀಪ ಸೆಡಾನಿನ ಗಿಡ್ಡ ಬೆನ್ನಿನಲ್ಲಿ ಹಿಡಿಸದೆ ಆವರಣ ಚಿಹ್ನೆಯಂತೆ ಮುದುರಿಕೊಂಡಿದೆ.

ಒಳಾಂಗಣದಿಂದ ಎರಡೇ ಸಂಗತಿ. ಮರ್ಸಿಡಿಸ್‌ನ ಬಾಗಿಲ ಮೇಲೆ ಪುಟ್ಟ ಕುರ್ಚಿಯ ಆಕಾರದಲ್ಲೇ ಇರುವ ಸೀಟಿನ ಗುಂಡಿಗಳು ಹೊರಗಿನ ನಕ್ಷತ್ರಗಳೆಲ್ಲಕ್ಕಿಂತ ಹೆಚ್ಚು ಮರ್ಸಿಡಿಸ್. ಕಣ್ಣು ರಸ್ತೆಯ ಮೇಲಿದ್ದರೂ ಬೆರಳಿಗೆ ಬೆನ್ನು ಯಾವುದು, ಕೂರುವ ಜಾಗ ಯಾವುದು ಎಂದು ತಿಳಿಯುತ್ತದೆ. ವೋಲ್ವೊದ ಸೀಟ್ ಬೆಲ್ಟಿನ ಕೊಂಡಿಯಲ್ಲಿ 1959ರಿಂದ ಎಂಬ ಒಂದು ಸಾಲು ಕೆತ್ತಿದೆ. ಮೂರು ಕಡೆ ಹಿಡಿಯುವ ಬೆಲ್ಟನ್ನು ಅದರ ಎಂಜಿನಿಯರ್ ನಿಲ್ಸ್ ಬೋಲಿನ್ ಕಾರಿಗೆ ತಂದ ವರ್ಷವದು. ಹೇಳಿಕೊಳ್ಳುವ ಹಕ್ಕಿರುವವರು ಎಷ್ಟು ಸಣ್ಣ ಅಕ್ಷರದಲ್ಲಿ ಹೇಳಿಕೊಂಡಿದ್ದಾರೆ ಎಂಬುದು ನನಗೆ ಹಿಡಿಸಿತು.

ನಕಲಿನ ಆರೋಪ ಈ ಲೋಕದಲ್ಲಿ ಯಾರನ್ನೂ ಬಿಟ್ಟಿಲ್ಲ. 2015ರಲ್ಲಿ ಅಮೆರಿಕದ ಲಿಂಕನ್ ಕಂಪನಿ ತನ್ನ ಕಾಂಟಿನೆಂಟಲ್ ಪರಿಕಲ್ಪನಾ ಕಾರನ್ನು ತೋರಿಸಿದಾಗ ಬೆಂಟ್ಲಿಯ ವಿನ್ಯಾಸ ಮುಖ್ಯಸ್ಥರಾಗಿದ್ದ ಲುಕ್ ಡಾಂಕರ್‌ವೋಲ್ಕೆ ಅದು ತಮ್ಮ ಫ್ಲೈಯಿಂಗ್ ಸ್ಪರ್ ಕಾರಿನ ನಕಲೆಂದು ಬಹಿರಂಗವಾಗಿ ಕಿಡಿಕಾರಿದರು. ಅದೇ ವರ್ಷ ಬೆಂಟ್ಲಿ ಬಿಟ್ಟು, ರೆಕ್ಕೆಗಳ ಲಾಂಛನದಿಂದಾಗಿ ಬೆಂಟ್ಲಿಯ ಹೋಲಿಕೆಯನ್ನು ಹೊತ್ತುಕೊಂಡೇ ಇರುವ ಜೆನೆಸಿಸ್ ಕಾರುಗಳ ವಿನ್ಯಾಸಕ್ಕಾಗಿ ಹುಂಡೈ ಸೇರಿದರು. ಹೀಗಾಗಿ ಯಾರು ಯಾರಿಂದ ತಂದರು ಎಂಬ ಲೆಕ್ಕಕ್ಕಿಂತ, ತಂದದ್ದನ್ನು ಎಷ್ಟು ಕಾಲ ಸಾಕಿಕೊಂಡರು ಎಂಬುದನ್ನೇ ನಾನು ಅಂಕ ಕೊಡುವಾಗ ನೋಡಿದೆ.

ಆ ಲೆಕ್ಕದಲ್ಲಿ ಕೊನೆಯವರೆಗೆ ಉಳಿದವು ಬಿಎಂಡಬ್ಲ್ಯು ಮತ್ತು ವೋಲ್ವೊ. ಹಿಂದಿನ ಸೀಟಿನಲ್ಲಿ ದಿನವೂ ಕೂತು ಓಡಾಡುವವರು ಬೇರೆ ಯೋಚನೆಯಿಲ್ಲದೆ 530ಎಲ್‌ಐ ಕೊಳ್ಳಬಹುದು; ಮುಂಚಕ್ರ ಹಿಂಚಕ್ರಗಳ ನಡುವಿನ 3105 ಮಿಲಿಮೀಟರಿನ ಅಂತರ ಎಸ್90ರದಕ್ಕಿಂತ ಒಂದು ಗೇಣಿಗೂ ಕಡಿಮೆಯಷ್ಟೇ ಹೆಚ್ಚೆಂದು ಕಂಡರೂ ಮೊಣಕಾಲಿಗೆ ಅದು ದೊಡ್ಡದು. ಆದರೆ ಹಿಗ್ಗಿಸಿದ ಹಿಂಬಾಗಿಲಿನಿಂದ ಅದರ ಪಕ್ಕದ ಹದ ತುಸು ಕೆಟ್ಟಿದೆ, ಮೇಲೆ ಕಿಟಕಿಯ ಮೂಲೆಯ ಆ ‘5’ರ ಅಂಕಿ ಬೇರೆ. ಸ್ವತಃ ಓಡಿಸುವ ನಾನು ವೋಲ್ವೊಗೆ ಸಹಿ ಹಾಕಿದೆ. ಕಪ್ಪು ಬಣ್ಣದ್ದು ಬೇಗ ಸಿಗುತ್ತದೆಂದರು. ಬಾಗಿಲ ಮೇಲಂಚಿನಿಂದ ಹಿಂದೀಪದವರೆಗೆ ಓಡುವ ಅದರ ಭುಜದ ರೇಖೆ ಕಪ್ಪಿನಲ್ಲಿ ಪೂರ್ತಿ ಮುಳುಗಿಹೋಗುತ್ತದೆ ಎಂಬುದನ್ನು ಅಂಗಳದ ಬಿಸಿಲಿನಲ್ಲಿ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದ ಮೇಲೆ, ತಡವಾದರೂ ಸರಿ ಎಂದು ಬಿಳಿಯದನ್ನೇ ಬರೆಸಿದೆ.